ಎದಿ ಗುಳಿಗಿ

ಮೊನ್ನೆ ಮತ್ತೆ ಅದೇ ವಾಕ್ಯ ಕಣ್ಣಿಗೆ ಬಿತ್ತು. ಹುನಗುಂದದಲ್ಲಿ ನಾನು ಕೆಲಸ ಮಾಡುವ ದವಾಖಾನೆಗೆ ಹೊಸ ನಮೂನೆಗಳ ಕಟ್ಟೊಂದು ಬಂದಿತ್ತು. ಬಿಚ್ಚಿದೆ. ಅಚ್ಚಿನ ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ. ಏಳನೆಯ ಪ್ರಶ್ನೆ ಹೀಗಿತ್ತು: "ರೋಗಿಯು ರಕ್ತವನ್ನು ತೆಳುಗೊಳಿಸುವ ಯಾವುದೇ ಔಷಧಿಯನ್ನು ಸೇವಿಸುತ್ತಿರುವರೇ?" ಎದುರಿಗೆ ಎರಡು ಚೌಕ. ಹೌದು, ಇಲ್ಲ. ಓದಿದ ಕೂಡಲೇ ಮೈ ಉರಿಯಿತು. ಯಾರ ಮನೆಯಲ್ಲಿ ಯಾರು ಯಾರಿಗೆ ಹೀಗೆ ಮಾತಾಡುತ್ತಾರೆ? ಹೆಂಡತಿ ಗಂಡನಿಗೆ "ಅನ್ನವನ್ನು ಸೇವಿಸುವಿರಾ" ಅನ್ನುತ್ತಾಳೆಯೇ? ಆ ಶಾಯಿಯ ವಾಸನೆಗೆ ನನಗೆ ಬಾಗಲಕೋಟೆಯ ಆ ಒಂದು ಶ್ರಾವಣ ನೆನಪಾಯಿತು. ನೆನಪಾಯಿತು ಅನ್ನುವುದೂ ಸುಳ್ಳು. ಅದು ಮರೆತಿದ್ದರೆ ತಾನೇ.

ಅದಕ್ಕೀಗ ನಾಲ್ಕು ವರ್ಷ. ಲ್ಯಾಬ್ ಟೆಕ್ನಿಶಿಯನ್ ಕೋರ್ಸ್ ಮುಗಿಸಿ ಒಂದೆರಡು ಕಡೆ ದುಡಿದಿದ್ದ ನನಗೆ ಬಾಗಲಕೋಟೆಯ ಒಂದು ದೊಡ್ಡ ದವಾಖಾನೆಯಲ್ಲಿ ಒಂದು ವರ್ಷದ ಮಟ್ಟಿಗೆ ಸಂಶೋಧನೆಯ ಕೆಲಸ ಸಿಕ್ಕಿತು. ತಲೆಗೆ ಪೆಟ್ಟು ಬಿದ್ದವರ ರಕ್ತದಲ್ಲಿ ಏನಾಗುತ್ತದೆ ಎಂಬುದನ್ನು ನೋಡುವ ಕೆಲಸ ಅದು. ಬೆಂಗಳೂರಿನಿಂದ ಬಂದಿದ್ದ ಪ್ರಭಾಕರ ಸರ್ ಅದರ ಮುಖ್ಯಸ್ಥರು. ಮೊದಲ ದಿನ ಅವರು ಬೋರ್ಡಿನ ಮೇಲೆ ಒಂದು ತಲೆ ಬರೆದು, ಒಳಗೆ ಒಂದು ಚುಕ್ಕಿ ಇಟ್ಟರು. ಪೆಟ್ಟು ಬಿದ್ದದ್ದು ಇಲ್ಲಿ ಒಂದು ಚುಕ್ಕಿಯಷ್ಟು ಜಾಗಕ್ಕೆ, ಆದರೆ ಕೆಲವರಲ್ಲಿ ಇಡೀ ಮೈಯ ರಕ್ತ ಹೆಪ್ಪುಗಟ್ಟುವುದನ್ನೇ ಮರೆತುಬಿಡುತ್ತದೆ, ಆಗ ಆ ಚುಕ್ಕಿ ಹರಡುತ್ತದೆ, ಯಾಕೆ ಅಂತ ಯಾರಿಗೂ ಪೂರಾ ಗೊತ್ತಿಲ್ಲ, ಅದನ್ನು ನಾವು ಹುಡುಕಬೇಕು ಎಂದರು. ಖುಷಿಯಾಗಿತ್ತು ನನಗೆ. ಊರಿಗೆ ಫೋನ್ ಮಾಡಿ, ನಾನು ಬರೀ ಸೂಜಿ ಚುಚ್ಚುವವಳಲ್ಲ, ಹುಡುಕುವವಳು ಎಂದು ಹೇಳಿಕೊಂಡಿದ್ದೆ.

ಕೆಲಸ ನಾಜೂಕಿನದು. ಹೆಪ್ಪುಗಟ್ಟುವ ಪರೀಕ್ಷೆಯ ರಕ್ತಕ್ಕೆ ನೀಲಿ ಮುಚ್ಚಳದ ಟ್ಯೂಬು. ಅದರ ಮೇಲೊಂದು ಗೆರೆ. ರಕ್ತ ಆ ಗೆರೆಗೆ ಸರಿಯಾಗಿ ಮುಟ್ಟಬೇಕು. ಕಡಿಮೆಯಾದರೆ ಒಳಗಿನ ಔಷಧದ ಲೆಕ್ಕ ತಪ್ಪಿ ಪರೀಕ್ಷೆಯೇ ಸುಳ್ಳಾಗುತ್ತದೆ. ಆಮೇಲೆ ಅದನ್ನು ಅಲುಗಾಡಿಸದೆ, ಕೂಸನ್ನು ಮಗ್ಗುಲಾಗಿಸಿದ ಹಾಗೆ ಮೂರು ನಾಲ್ಕು ಸಲ ಮೇಲೆ ಕೆಳಗೆ ಮಾಡಬೇಕು. ರೋಗಿ ಬಂದ ಕೂಡಲೇ ಒಂದು ಟ್ಯೂಬು, ಸಂಜೆಗೊಂದು, ಮರುದಿನ ಬೆಳಗ್ಗೆ ಒಂದು. ನನ್ನ ಟ್ಯೂಬು ಒಂದು ದಿನವೂ ಗೆರೆ ತಪ್ಪಲಿಲ್ಲ. ಈ ಮಾತನ್ನು ಈಗಲೂ ಜಂಬದಿಂದಲೇ ಹೇಳುತ್ತೇನೆ, ಮತ್ತು ಹೇಳುವಾಗೆಲ್ಲ ನಾಚಿಕೆಯಾಗುತ್ತದೆ.

ಟ್ಯೂಬಿನ ಜೊತೆಗೆ ನಮೂನೆ. ರೋಗಿಯ ಮನೆಯವರನ್ನು ಕೇಳಿ ತುಂಬಬೇಕು. ಇಂಗ್ಲಿಷಿನಲ್ಲಿದ್ದ ಪ್ರಶ್ನೆಗಳನ್ನು ಬೆಂಗಳೂರಿನಲ್ಲಿ ಯಾರೋ ಕನ್ನಡಕ್ಕೆ ತಂದಿದ್ದರು. ತರಬೇತಿಯಲ್ಲಿ ನಮಗೆ ಅರೆದು ಕುಡಿಸಿದ ನಿಯಮ ಒಂದೇ: ಪ್ರಶ್ನೆಯನ್ನು ಇದ್ದ ಹಾಗೇ ಓದಬೇಕು, ಒಂದಕ್ಷರ ಕೂಡಿಸಬಾರದು, ಒಂದಕ್ಷರ ಕಳೆಯಬಾರದು, ವಿವರಿಸಬಾರದು. ಎಲ್ಲರಿಗೂ ಒಂದೇ ಮಾತು ಕೇಳಿದರೆ ಮಾತ್ರ ಎಲ್ಲರ ಉತ್ತರವನ್ನೂ ಒಂದರ ಪಕ್ಕ ಒಂದಿಟ್ಟು ನೋಡಬಹುದಂತೆ. ಕೇಳಲು ನ್ಯಾಯವಾಗಿಯೇ ಇತ್ತು. ತುರ್ತು ವಿಭಾಗದ ಡಾಕ್ಟರರಿಗೂ ಇದು ಅನುಕೂಲವಾಯಿತು. ಒಂದೇ ಪ್ರಶ್ನೆಯನ್ನು ಎರಡು ಸಲ ಯಾಕೆ ಕೇಳುವುದು ಅಂತ ಅವರು ನಮ್ಮ ನಮೂನೆ ನೋಡಿಯೇ ತಮ್ಮ ಕಾಗದಕ್ಕೆ ಇಳಿಸಿಕೊಳ್ಳುತ್ತಿದ್ದರು.

ಆ ಶ್ರಾವಣದಲ್ಲಿ ಮಳೆ ಜೋರಾಗಿ ಬರಲೂ ಇಲ್ಲ, ನಿಲ್ಲಲೂ ಇಲ್ಲ. ಜಿಟಿಜಿಟಿ. ಹಿನ್ನೀರಿನ ಕಡೆಯಿಂದ ತಣ್ಣನೆಯ ಗಾಳಿ. ದವಾಖಾನೆಯ ಮೆಟ್ಟಿಲ ಮೇಲೆಲ್ಲ ಎರೆಮಣ್ಣಿನ ಹೆಜ್ಜೆ. ಅದೊಂದು ಸೋಮವಾರ ಮಧ್ಯಾಹ್ನ ಬಾದಾಮಿಯಿಂದ ಆಂಬುಲೆನ್ಸಿನಲ್ಲಿ ಸಂಗಪ್ಪ ಎಂಬವರನ್ನು ತಂದರು. ಇಳಕಲ್ಲಿನ ನೇಕಾರರು, ಅರವತ್ತು ದಾಟಿದ ಆಳು. ಬಾಗಲಕೋಟೆಯಲ್ಲಿ ಕಚೇರಿ ನೌಕರನಾದ ಮಗ ಮಹಾಂತೇಶನ ಮನೆಗೆ ಹಿಂದಿನ ದಿನ ಮಗಳ ಜೊತೆ ಬಂದಿದ್ದರು. ಸೋಮವಾರ ಮಹಾಕೂಟದ ಹೊಂಡದಲ್ಲಿ ಮುಳುಗಿ ದರ್ಶನ ಮಾಡಬೇಕೆಂದು ಮಗನ ಬೈಕಿನಲ್ಲಿ ಹೊರಟಿದ್ದಾರೆ. ತಿರುವಿನ ಉಸುಕಿನಲ್ಲಿ ಬೈಕು ಜಾರಿದೆ. ಮಗನ ಕೈ ಮುರಿಯಿತು, ಅಪ್ಪ ಹಿಂದಕ್ಕೆ ಬಿದ್ದು ತಲೆ ಬಡಿಸಿಕೊಂಡರು. ಬಸ್ಸಿನಲ್ಲಿ ಮುಂಚೆ ಹೋಗಿ ಹೊಂಡದ ದಂಡೆಯಲ್ಲಿ ಕಾಯುತ್ತಿದ್ದ ಮಗಳು ರತ್ನವ್ವ ಫೋನ್ ಬಂದ ಮೇಲೆ ಬಾದಾಮಿಗೆ ಓಡಿ ಆಂಬುಲೆನ್ಸ್ ಹತ್ತಿದ್ದಳು.

ರತ್ನವ್ವ ನನ್ನ ವಯಸ್ಸಿನವಳೇ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಪ್ಪನ ಜೊತೆ ಮಗ್ಗದಲ್ಲಿ ದುಡಿಯುತ್ತಿದ್ದಳು. ಅಪ್ಪನ ಊಟ, ಔಷಧ, ಬಟ್ಟೆ ಎಲ್ಲ ಅವಳದೇ. ಮಗನಿಗೆ ಪ್ಲಾಸ್ಟರ್ ಹಾಕುತ್ತಿದ್ದರು, ಹಾಗಾಗಿ ನಮೂನೆಗೆ ಉತ್ತರ ಹೇಳಲು ಅವಳೇ ಕೂತಳು. ಸೋಮವಾರದ ಉಪವಾಸ, ತುಟಿ ಒಣಗಿತ್ತು. ತೊಡೆಯ ಮೇಲೆ ಸೀರೆಯ ತುಂಡಿನಲ್ಲಿ ಹೊಲಿದ ಒಂದು ಕೆಂಪು ಸಂಚಿ. ಎರಡೂ ಕೈಯಿಂದ ಅದನ್ನು ಅವುಚಿಕೊಂಡಿದ್ದಳು. ನಾನು ಹೆಸರು, ವಯಸ್ಸು, ಬಿದ್ದ ಹೊತ್ತು ಬರೆದುಕೊಂಡು ಏಳನೆಯ ಪ್ರಶ್ನೆಗೆ ಬಂದೆ. ಇದ್ದ ಹಾಗೇ ಓದಿದೆ.

ಅವಳು ನನ್ನ ಮುಖ ನೋಡಿದಳು. ತುಸು ನೊಂದುಕೊಂಡ ಹಾಗಿತ್ತು. "ಇಲ್ರಿ ಅಕ್ಕಾರ," ಅಂದಳು. "ರಕ್ತ ತೆಳ್ಳಗ ಮಾಡೋ ಔಷಧ ಯಾರರ ತಗೋತಾರೇನ್ರಿ? ನಮ್ಮಪ್ಪ ಗಟ್ಟಿ ಮನಶ್ಯಾ ಅದಾನ."

ನಮ್ಮ ಕಡೆ ಒಬ್ಬರ ರಕ್ತ ತೆಳ್ಳಗಾಗಿದೆ ಅಂದರೆ ಆತ ಸೊರಗಿದ್ದಾನೆ, ಮುಖ ಬಿಳಿಚಿದೆ, ಮೈಯಲ್ಲಿ ಕಸುವಿಲ್ಲ ಅಂತ ಅರ್ಥ. ಅದಕ್ಕೆ ಟಾನಿಕ್ ಕುಡಿಸುತ್ತಾರೆ, ಬೀಟ್‌ರೂಟ್ ತಿನ್ನಿಸುತ್ತಾರೆ. ಅಪ್ಪನನ್ನು ಹಾಗೆ ಸೊರಗಿಸುವ ಔಷಧ ಕೊಡುತ್ತೀಯಾ ಎಂದು ನಾನು ಕೇಳಿದ ಹಾಗಾಗಿತ್ತು. ಇದು ನನಗೆ ಗೊತ್ತಿರಲಿಲ್ಲವೇ? ನಾನು ಹುಟ್ಟಿದ್ದು ಹುನಗುಂದದಲ್ಲಿ. ನಮೂನೆ ಕೇಳುತ್ತಿದ್ದದ್ದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ, ನಮ್ಮ ಆಯಿ ದಿನಾ ನುಂಗುತ್ತಿದ್ದದ್ದೂ ಅದೇ. ಅದಕ್ಕೆ ನಮ್ಮ ಮನೆಯಲ್ಲಿ, ಓಣಿಯಲ್ಲಿ, ಔಷಧದ ಅಂಗಡಿಯಲ್ಲಿ ಇರುವ ಹೆಸರು ಒಂದೇ, ಎದಿ ಗುಳಿಗಿ. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಿಯಮ ನೆನಪಾಯಿತು. ನುಂಗಿಕೊಂಡೆ. "ಇಲ್ಲ" ಎಂಬ ಚೌಕದಲ್ಲಿ ಗುರುತು ಹಾಕಿ ಎಂಟನೆಯ ಪ್ರಶ್ನೆಗೆ ಹೋದೆ.

ಸ್ಕ್ಯಾನಿನಲ್ಲಿ ಸಣ್ಣ ರಕ್ತಸ್ರಾವ ಕಂಡಿತ್ತು. ಮಾಮೂಲಿ ರಕ್ತಪರೀಕ್ಷೆ ಸರಿಯಾಗಿತ್ತು. ಅದರಲ್ಲಿ ಈ ಗುಳಿಗೆಯ ಗುಟ್ಟು ಬಯಲಾಗುವುದಿಲ್ಲ, ಬಾಯಿಬಿಟ್ಟು ಕೇಳಿದರಷ್ಟೇ ತಿಳಿಯುತ್ತದೆ. ಕೇಳಿ ಆಗಿತ್ತಲ್ಲ, ನಮೂನೆಯಲ್ಲಿ ಇಲ್ಲ ಅಂತ ಇತ್ತಲ್ಲ. ಹಾಗಾಗಿ ಅವರನ್ನು ತೀವ್ರ ನಿಗಾ ಘಟಕದ ಬದಲು ವಾರ್ಡಿಗೆ ಕಳಿಸಿದರು. ಎರಡನೆಯ ಸ್ಕ್ಯಾನ್ ಮರುದಿನ ಮಾಡೋಣ ಎಂದರು. ಸಂಜೆ ನಾನು ಎರಡನೆಯ ಟ್ಯೂಬಿಗೆ ಹೋದಾಗ ಸಂಗಪ್ಪ ಮಾತಾಡುತ್ತಿದ್ದರು. ಮಗ್ಗದ ಮೇಲೆ ಸೀರೆಯ ಒಡಲು ಮುಗಿದು ಸೆರಗು ಕೂಡಿಸುವುದು ಬಾಕಿ ಇದೆ, ಒಡಲಿನ ಎಳೆಗೆ ಸೆರಗಿನ ಎಳೆ ಒಂದೊಂದಾಗಿ ಸೇರಿಸಬೇಕು, ಮಗಳಿಗೆ ಇನ್ನೂ ಅದು ಕೈಗೆ ಹತ್ತಿಲ್ಲ ಎಂದು ನನ್ನ ಹತ್ತಿರವೇ ಚಾಡಿ ಹೇಳಿದರು. ಮಗಳು ನಕ್ಕಳು. ನಾನು ರಕ್ತವನ್ನು ಗೆರೆಗೆ ಸರಿಯಾಗಿ ತುಂಬಿಕೊಂಡು ಬಂದೆ.

ಮರುದಿನ ಬೆಳಗ್ಗೆ ಮೂರನೆಯ ಟ್ಯೂಬು. ಸಂಗಪ್ಪ ಯಾಕೋ ಮಂಕಾಗಿದ್ದರು, ಕರೆದರೆ ಹೂಂ ಅಂದು ಕಣ್ಣು ಮುಚ್ಚುತ್ತಿದ್ದರು. ರತ್ನವ್ವ ಕೆಂಪು ಸಂಚಿ ಬಿಚ್ಚಿ, ಒಂದು ಪಟ್ಟಿಯಿಂದ ಗುಳಿಗೆ ಒಡೆದು, ಅಪ್ಪನ ಬಾಯಿಗೆ ಹಾಕಿ ನೀರು ಕುಡಿಸುತ್ತಿದ್ದಳು. ಯಾವ ಗುಳಿಗೆ ಅದು ಎಂದು ಕೇಳಿದೆ.

"ಎದಿ ಗುಳಿಗಿರಿ," ಅಂದಳು. "ಎದ್ಯಾಗ ಸ್ಪ್ರಿಂಗ್ ಹಾಕಿದಾಗಿಂದ ತಗೋತಾನ. ಒಂದಿನಾನೂ ತಪ್ಪಸಬ್ಯಾಡ್ರಿ ಅಂತ ಆ ಡಾಕ್ಟರು ಹೇಳ್ಯಾರ. ನಿನ್ನೆ ಸಂಜಿಗೂ ಕೊಟ್ಟೇನಿ."

ನಾಲ್ಕು ಜನ ನೋಡುತ್ತಿರುವಾಗ, ಹಗಲು ಬೆಳಕಿನಲ್ಲಿ, ನೀರಿನ ಲೋಟ ಹಿಡಿದು ಕೊಡುತ್ತಿದ್ದಳು. ಮುಚ್ಚಿಡುವವರು ಹೀಗೆ ಮುಚ್ಚಿಡುತ್ತಾರೇನು? ನಾನು ಪಟ್ಟಿ ಕಸಿದುಕೊಂಡು ವಾರ್ಡಿನ ಡಾಕ್ಟರರ ಹತ್ತಿರ ಓಡಿದೆ. ಅಂದುಕೊಂಡದ್ದೇ ಆಗಿತ್ತು, ಎದೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಕೊಡುವ, ರಕ್ತ ಬೇಗ ಹೆಪ್ಪುಗಟ್ಟದಂತೆ ಮಾಡುವ ಗುಳಿಗೆ. ಸ್ಕ್ಯಾನಿಗೆ ಒಯ್ದರು. ನಿನ್ನೆಯ ಸಣ್ಣ ಚುಕ್ಕಿ ಹರಡಿತ್ತು. ಆಪರೇಷನ್ ಆಯಿತು, ಜೀವ ಉಳಿಯಿತು. ಬಲಗೈ, ಬಲಗಾಲು ಮತ್ತು ಮಾತು ಉಳಿಯಲಿಲ್ಲ.

ಗುಳಿಗೆಯಿಂದಲೇ ಹೀಗಾಯಿತು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಗುಳಿಗೆ ಇಲ್ಲದವರಿಗೂ ಹೀಗೆ ಹರಡುವುದುಂಟು, ನಮ್ಮ ಸಂಶೋಧನೆ ಇದ್ದದ್ದೇ ಅದಕ್ಕೆ. ಆದರೆ ಗೊತ್ತಿದ್ದರೆ ಆ ರಾತ್ರಿ ಅವರನ್ನು ಬೇರೆ ಕಡೆ ಮಲಗಿಸುತ್ತಿದ್ದರು, ಸ್ಕ್ಯಾನನ್ನು ಬೇಗ ಮಾಡುತ್ತಿದ್ದರು, ಬಿದ್ದ ಮೇಲಿನ ಆ ಎರಡು ಗುಳಿಗೆ ಹೊಟ್ಟೆಗೆ ಹೋಗುತ್ತಿರಲಿಲ್ಲ. ಇಷ್ಟನ್ನು ವಾರ್ಡಿನ ಡಾಕ್ಟರೇ ನನಗೆ ಹೇಳಿದರು.

ಇಷ್ಟೇ ಆಗಿದ್ದರೆ ಅದನ್ನೊಂದು ದುಃಖ ಅಂತ ತಿಳಿದು ಸುಮ್ಮನಾಗುತ್ತಿದ್ದೆನೋ ಏನೋ. ಮನೆಗೆ ಕಳಿಸುವ ದಿನ ಕೊಟ್ಟ ಡಿಸ್ಚಾರ್ಜ್ ಕಾಗದದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು. ರೋಗಿಯ ಮಗಳು ಔಷಧಿಯ ವಿಷಯವನ್ನು ಮುಚ್ಚಿಟ್ಟಿದ್ದರು ಎಂದು. ಮಹಾಂತೇಶ ಅದನ್ನು ಓದಿದ. ಪ್ಲಾಸ್ಟರಿನ ಕೈ ಕೊರಳಿಗೆ ಜೋತುಬಿದ್ದಿತ್ತು. ಬೈಕು ಓಡಿಸಿದವನು ಅವನು. ಅಷ್ಟು ದಿನ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದ. ಆ ಸಾಲು ಓದಿದ ಮೇಲೆ ಅವನ ತಲೆ ಮೇಲೆದ್ದಿತು. ಅದನ್ನು ನಾನು ಕಣ್ಣಾರೆ ಕಂಡೆ. "ಕಾಗದದಾಗ ಬರದಾರ ನೋಡು," ಅಂದ ತಂಗಿಗೆ. "ಅಪ್ಪನ್ನ ಕೆಡವಿದಾಂವ ನಾ ಇರಬಹುದು. ಹಾಳ ಮಾಡಿದಾಕಿ ನೀ."

ರತ್ನವ್ವ ಅಳಲಿಲ್ಲ. ನನ್ನ ಕಡೆ ತಿರುಗಿ, "ಅಕ್ಕಾರ, ನೀವ ಹೇಳ್ರಿ. ನಾ ಏನರ ಮುಚ್ಚಿಟ್ಟೇನೇನ್ರಿ?" ಅಂದಳು. ನಾನು ಆಗ ಹೇಳಬೇಕಿತ್ತು. ನಾಲ್ಕು ಮಾತು ಸಾಕಿತ್ತು. ಸರ್ ಹತ್ತಿರ ಮಾತಾಡಿ ಆ ಸಾಲು ತೆಗೆಸುತ್ತೇನೆ ಎಂದು ಹೇಳಿ ತಪ್ಪಿಸಿಕೊಂಡೆ.

ಮಾತಾಡಿದ್ದೇನೋ ಹೌದು. ಪ್ರಭಾಕರ ಸರ್ ಕೆಟ್ಟವರಲ್ಲ. ಕೂಡಿಸಿ, ಚಹಾ ತರಿಸಿ, ಸಮಾಧಾನದಿಂದ ಕೇಳಿದರು. ಪ್ರಶ್ನೆಯನ್ನು ಇದ್ದ ಹಾಗೇ ಓದಿದ್ದೀರಿ ತಾನೇ ಎಂದರು. ಹೌದೆಂದೆ. ಅವರು ಇಲ್ಲ ಅಂದರು, ಆಮೇಲೆ ಮಾತ್ರೆ ಸಿಕ್ಕಿತು, ಇದಕ್ಕೆ ಮುಚ್ಚಿಟ್ಟರು ಅನ್ನದೆ ಏನನ್ನಬೇಕು ಎಂದರು. ಆಕೆಗೆ ಪ್ರಶ್ನೆ ತಿಳಿದಿಲ್ಲ ಸರ್ ಎಂದೆ.

ಅವರು ನಮೂನೆಯನ್ನು ನನ್ನ ಕಡೆ ತಿರುಗಿಸಿ ಏಳನೆಯ ಪ್ರಶ್ನೆಯ ಮೇಲೆ ಬೆರಳಿಟ್ಟರು. "ಕನ್ನಡದಲ್ಲೇ ಇದೆಯಲ್ಲಮ್ಮಾ."

ಕನ್ನಡದಲ್ಲೇ ಇತ್ತು. ಅದಕ್ಕೆ ಏನು ಹೇಳುತ್ತೀರಿ? ನನಗೆ ಸಿಟ್ಟಿನಲ್ಲಿ ನಗು ಬಂತು. ಎದಿ ಗುಳಿಗಿ ಎಂಬ ಎರಡು ಮಾತು ಸೇರಿಸಿದರೆ ಸಾಕು ಎಂದು ಬೇಡಿಕೊಂಡೆ. ಒಂದು ಶಬ್ದ ಬದಲಿಸಬೇಕಾದರೂ ಮತ್ತೆ ಸಂಶೋಧನೆಗೆ ಒಪ್ಪಿಗೆ ಕೊಡುವ ಸಮಿತಿಯ ಮುಂದೆ ಹೋಗಬೇಕು, ಇಲ್ಲಿಯವರೆಗಿನ ಉತ್ತರಗಳೆಲ್ಲ ಬೇರೆ ಪ್ರಶ್ನೆಯ ಉತ್ತರಗಳಾಗಿಬಿಡುತ್ತವೆ, ಆಗುವುದಿಲ್ಲ ಎಂದರು. ಡಿಸ್ಚಾರ್ಜ್ ಕಾಗದ ದವಾಖಾನೆಯದು, ತಮಗೆ ಸಂಬಂಧವಿಲ್ಲ ಎಂದರು. ದವಾಖಾನೆಯವರು, ಅದು ಸಂಶೋಧನೆಯ ನಮೂನೆ ನೋಡಿ ಬರೆದದ್ದು, ಅವರನ್ನೇ ಕೇಳಿರಿ ಎಂದರು. ಆ ಸಾಲು ಇಬ್ಬರ ನಡುವೆ ಆರಾಮಾಗಿ ಕೂತುಬಿಟ್ಟಿತು.

ನನ್ನ ತಲೆಯೊಳಗೆ ಒಂದು ಹುಳ ಹೊಕ್ಕಿತು. ರತ್ನವ್ವ ಒಬ್ಬಳೇ ಏನು? ಅವಳಿಗಿಂತ ಮುಂಚೆ ನನ್ನ ಕೈಯಿಂದಲೇ ಎಷ್ಟು "ಇಲ್ಲ" ಬರೆದಿದ್ದೇನೆ? ದೀಪಾವಳಿಯ ಹೊತ್ತಿಗೆ ತಡೆಯಲಾಗಲಿಲ್ಲ. ಹಳೆಯ ನಮೂನೆಗಳಲ್ಲಿದ್ದ ನಂಬರುಗಳಿಗೆ ಒಂದೊಂದಾಗಿ ಫೋನ್ ಹಚ್ಚಿ, ಆರಾಮದಾರೇನ್ರಿ ಎಂದು ಕೇಳಿ, ನಮ್ಮ ಮಾತಿನಲ್ಲಿ ಕೇಳಿದೆ. ಕಲಾದಗಿಯ ಒಬ್ಬ ಹೆಣ್ಣುಮಗಳು, ಎದಿ ಗುಳಿಗಿ ಮುಂಜಾನೆ ಒಂದು ನುಂಗ್ತಾರಲ್ರಿ, ಯಾಕ್ರಿ ಅಂದಳು. ಬಾದಾಮಿಯ ಒಬ್ಬರು, ಲಕ್ವಾ ಹೊಡೆದಾಗಿನಿಂದ ಅಣ್ಣ ಲಕ್ವಾದ ಗುಳಿಗೆ ತೆಗೆದುಕೊಳ್ಳುತ್ತಾನೆ ಅಂದರು. ಎರಡೂ ನಮೂನೆಯಲ್ಲಿ ನನ್ನ ಕೈಯ "ಇಲ್ಲ" ಮುದ್ದಾಗಿ ಕೂತಿತ್ತು. ಒಬ್ಬರೂ ಸುಳ್ಳು ಹೇಳಿರಲಿಲ್ಲ. ಕೇಳಿದ ಪ್ರಶ್ನೆಗೆ ಅವರೆಲ್ಲ ಖರೇ ಉತ್ತರ ಕೊಟ್ಟಿದ್ದರು. ಗೆರೆ ತಪ್ಪದ ನನ್ನ ನೀಲಿ ಟ್ಯೂಬುಗಳು ಐಸ್ ಡಬ್ಬಿಯಲ್ಲಿ ಕೂತು ಬೆಂಗಳೂರಿಗೆ ಹೋಗುತ್ತಿದ್ದವು, ಜೊತೆಯಲ್ಲಿ ಈ ಸುಳ್ಳು ಚೌಕಗಳೂ ಹೋಗುತ್ತಿದ್ದವು. ರಕ್ತ ಯಾಕೆ ಹೆಪ್ಪುಗಟ್ಟಲಿಲ್ಲ ಎಂದು ಅಲ್ಲಿ ಕಲಿತವರು ತಲೆ ಕೆಡಿಸಿಕೊಳ್ಳುತ್ತಿದ್ದರು. ಕಲಾದಗಿಯ ಆ ಹೆಣ್ಣುಮಗಳಿಗೆ ಅದು ಗೊತ್ತಿತ್ತು.

ಇದನ್ನೆಲ್ಲ ಬರೆದು ಒಯ್ದು ಸರ್ ಮುಂದೆ ಇಟ್ಟೆ. ಈ ಸಲ ಚಹಾ ಬರಲಿಲ್ಲ. ಅನುಮತಿಯಿಲ್ಲದೆ ಮನೆಯವರಿಗೆ ಫೋನ್ ಮಾಡಿದ್ದು ನಿಯಮಭಂಗ ಎಂದು ನನ್ನಿಂದಲೇ ತಪ್ಪೊಪ್ಪಿಗೆ ಬರೆಸಿಕೊಂಡರು. ಅವತ್ತಿನಿಂದ ನನಗೆ ರೋಗಿಗಳ ಹತ್ತಿರ ಹೋಗುವ ಕೆಲಸವಿಲ್ಲ, ಕಂಪ್ಯೂಟರಿಗೆ ಅಂಕಿ ತುಂಬುವ ಕೆಲಸ. ವರ್ಷ ಮುಗಿಯುವ ಹೊತ್ತಿಗೆ ಒಂದು ಸಭೆ ಮಾಡಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಪರದೆಯ ಮೇಲೆ ಕಷ್ಟಗಳ ಪಟ್ಟಿ ಬಂತು. ಅದರಲ್ಲೊಂದು, ಈ ಭಾಗದಲ್ಲಿ ರೋಗಿಯ ಸಂಬಂಧಿಕರು ಕೊಡುವ ಮಾಹಿತಿ ನಂಬಲರ್ಹವಲ್ಲ. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಈ ಭಾಗವಂತೆ! ಎದ್ದು ಹೊರಗೆ ಬಂದೆ, ಆಮೇಲೆ ಆ ಕಟ್ಟಡದ ಮೆಟ್ಟಿಲು ಹತ್ತಲಿಲ್ಲ. ಕೂಗಾಡಿ ಬಂದೆ ಎಂದು ಬರೆಯಬಹುದಿತ್ತು. ಕೂಗಾಡಲಿಲ್ಲ.

ಆಮೇಲೆ ಊರಲ್ಲೇ ಕೆಲಸ ಸಿಕ್ಕಿತು. ಇಲ್ಲಿ ಯಾರೇ ತಲೆ ಒಡೆದುಕೊಂಡು ಬರಲಿ, ಎದಿ ಗುಳಿಗಿ, ಲಕ್ವಾದ ಗುಳಿಗಿ, ದಿನಾ ತಪ್ಪದ ನುಂಗೋ ಯಾವುದರ ಗುಳಿಗಿ ಅದಾವೇನ್ರಿ, ಇದ್ದರ ಚೀಟಿ ತೋರಸ್ರಿ ಎಂದು ಕೇಳುತ್ತೇನೆ. ಜನ ಪಟಪಟನೆ ಹೇಳುತ್ತಾರೆ. ಮೊನ್ನೆ ಆ ಹೊಸ ಕಟ್ಟು ಬಂದಾಗ ನೀಲಿ ಪೆನ್ನು ತೆಗೆದುಕೊಂಡು ಒಂದೊಂದು ಹಾಳೆಯಲ್ಲೂ ಏಳನೆಯ ಪ್ರಶ್ನೆ ಹೊಡೆದುಹಾಕಿ ಪಕ್ಕದಲ್ಲಿ ನನ್ನ ಈ ಪ್ರಶ್ನೆ ಬರೆಯುತ್ತ ಕೂತೆ. ಹೊಸದಾಗಿ ಬಂದಿರುವ ಡಾಕ್ಟರ್, ಮೇಲಿನಿಂದ ಬಂದ ನಮೂನೆಯ ಮೇಲೆ ಹಾಗೆ ಗೀಚಬಾರದು ಎಂದು ಮೆಲ್ಲಗೆ ಹೇಳಿದರು. ಕೆಳಗೆ ನನ್ನ ಸಹಿ ಇದೆ, ಯಾರಾದರೂ ಕೇಳಿದರೆ ನನ್ನನ್ನೇ ಕರೆಯಿರಿ ಎಂದೆ. ಬರೆಯುತ್ತ ಬರೆಯುತ್ತ ನನ್ನ ಬಗ್ಗೆಯೇ ಅಸಹ್ಯವಾಯಿತು. ಈ ಹಾಳೆಗಳಿಗೆ ಸಹಿ ಹಾಕಲು ಬರುವ ಕೈಗೆ ರತ್ನವ್ವನ ಕಾಗದಕ್ಕೆ ಸಹಿ ಹಾಕಲು ನಾಲ್ಕು ವರ್ಷ ಬರಲಿಲ್ಲ. ಹುನಗುಂದದಿಂದ ಇಳಕಲ್ಲಿಗೆ ಎಷ್ಟು ದೂರ? ಬಸ್ಸಿನಲ್ಲಿ ಕೂತು ಚೀಟಿ ತೆಗೆಸಿ ಕಿಟಕಿ ಸರಿಮಾಡಿಕೊಳ್ಳುವಷ್ಟರಲ್ಲಿ ಊರು ಬರುತ್ತದೆ.

ಶನಿವಾರ ಹೋದೆ. ಓಣಿಯಲ್ಲಿ ಮಗ್ಗದ ಸದ್ದು, ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ. ಸಂಗಪ್ಪ ಗೋಡೆಗೆ ಒರಗಿ ಕೂತು ಎಡಗೈಯಿಂದ ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ನನ್ನನ್ನು ನೋಡಿ ಹೂಂ ಅಂದರು. ಎಲ್ಲದಕ್ಕೂ ಅದೊಂದೇ ಮಾತು ಈಗ. ರತ್ನವ್ವ ಮಗ್ಗದ ಕುಣಿಯಿಂದ ಎದ್ದು ಬಂದು ಚಾಪೆ ಹಾಸಿದಳು, ನೀರು ಕೊಟ್ಟಳು. ಬೈಯಲಿಲ್ಲ. ಸೆರಗು ಕೂಡಿಸುವುದು ಕೈಗೆ ಹತ್ತಿದೆ ಎಂದಳು. ಅಣ್ಣ ಬರುತ್ತಾನೇನು ಎಂದು ಕೇಳಿದೆ. ಅಪ್ಪನನ್ನು ನೋಡಿ ಹೋಗುತ್ತಾನೆ, ತನ್ನ ಕೈಯ ನೀರು ಮುಟ್ಟುವುದಿಲ್ಲ ಎಂದಳು.

ಆ ಡಿಸ್ಚಾರ್ಜ್ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದಳು. ಅಪ್ಪನನ್ನು ಯಾವ ದವಾಖಾನೆಗೆ ಒಯ್ದರೂ ಅದನ್ನೇ ತೋರಿಸಬೇಕು. ಡಾಕ್ಟರರು ಓದುತ್ತ ಓದುತ್ತ ಒಂದು ಕಡೆ ನಿಲ್ಲುತ್ತಾರೆ, ಆಮೇಲೆ ತಲೆಯೆತ್ತಿ ತನ್ನ ಮುಖ ನೋಡುತ್ತಾರೆ, ಎಲ್ಲಿ ನಿಲ್ಲುತ್ತಾರೆ ಅಂತ ಈಗ ತನಗೂ ಗೊತ್ತು ಎಂದು ಹೇಳಿ, ಇಂಗ್ಲಿಷ್ ಬಾರದ ಅವಳು ಆ ಸಾಲಿನ ಮೇಲೆ ಸರಿಯಾಗಿ ಬೆರಳಿಟ್ಟು ತೋರಿಸಿದಳು.

ನಾನು ಬರೆದುಕೊಂಡು ಹೋಗಿದ್ದ ಹಾಳೆಯನ್ನು ತೆಗೆದು ಗಟ್ಟಿಯಾಗಿ ಓದಿದೆ. ಈಕೆ ಏನನ್ನೂ ಮುಚ್ಚಿಟ್ಟಿಲ್ಲ. ಈಕೆಗೆ ತಿಳಿಯುವ ಮಾತಿನಲ್ಲಿ ಕೇಳಲಿಲ್ಲ. ತಿಳಿಯುವ ಮಾತು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳದವಳು ನಾನು. ಕೆಳಗೆ ಹೆಸರು, ಸಹಿ, ಫೋನ್ ಎಲ್ಲ ಬರೆದಿದ್ದೆ. ಇದನ್ನು ಆ ಕಾಗದಕ್ಕಿಂತ ಮೇಲೆ ಇಡು, ಯಾವ ಡಾಕ್ಟರಾದರೂ ಮೊದಲು ಇದನ್ನೇ ಓದಲಿ, ಮಹಾಂತೇಶನಿಗೆ ನಾನೇ ಹೋಗಿ ಓದಿ ಹೇಳುತ್ತೇನೆ ಎಂದೆ. ರಾಟಿಯ ಸದ್ದು ನಿಂತಿತ್ತು. ಸಂಗಪ್ಪ ನಮ್ಮ ಕಡೆಯೇ ನೋಡುತ್ತಿದ್ದರು.

ರತ್ನವ್ವ ಹಾಳೆಯನ್ನು ತೆಗೆದುಕೊಂಡು ಚೀಲದೊಳಗೆ ಎಲ್ಲಕ್ಕಿಂತ ಮೇಲೆ ಇಟ್ಟಳು.

"ಎದಿ ಗುಳಿಗಿ ಅಂದಿದ್ರ ಅರ್ಧಾ ಮಾತಿಗೇ ತಗದು ನಿಮ್ಮ ಕೈಯಾಗ ಇಡ್ತಿದ್ದೆನಲ್ರಿ ಅಕ್ಕಾರ," ಅಂದಳು. "ನೀವು ಕೇಳೂವಾಗ ಸಂಚಿ ನನ್ನ ತೊಡಿ ಮ್ಯಾಲೇ ಇತ್ತು."

ಇತ್ತು. ನಾನು ನೋಡಿದ್ದೆ.